ಬೂಸ್ಟರ್ ಸ್ವಿಚ್ಚು ಕೆಳಗಿಳಿದದ್ದು

ನಮ್ಮ ಮನೆಗೆ ನಾಲ್ಕು ಚಕ್ರ, ಎಳೆಯಲು ಒಂದು ರೋಲರು.
ಕವಿತಾಳದಿಂದ ಸಿರವಾರದ ಕಡೆಗೆ
ಡಾಂಬರು ಹೋದಷ್ಟೇ ದೂರ ಹೋಗುವ ತಗಡಿನ ಮನೆ,
ದಿನಕ್ಕೆ ಅರ್ಧ ಫರ್ಲಾಂಗು, ಕೆಲವೊಮ್ಮೆ ಅದೂ ಇಲ್ಲ.
ಅಪ್ಪ ಮುಂದೆ ರೋಲರ್ ಮೇಲೆ. ಅವ್ವ ಹಂಪಮ್ಮ
ಮನೆ ನಡೆಯುತ್ತಿರುವಾಗಲೇ ಒಳಗೆ ರೊಟ್ಟಿ ಬಡಿಯುವಳು.
ಅಂಚೆಯವನಿಗೆ ನಮ್ಮ ವಿಳಾಸ ಒಂದು ಮೈಲಿಗಲ್ಲು.

ಮನೆಯ ನೆತ್ತಿಗೆ ಆಂಟೆನಾ.
ನಿಂತಲ್ಲೆಲ್ಲ ಅದರ ಮುಖ ರಾಯಚೂರಿಗೆ ತಿರುಗಿಸಬೇಕು.
ದೇವಣ್ಣ ಮೇಲೆ ಹತ್ತುವನು, ನಾನು ಬಾಗಿಲಲ್ಲಿ ನಿಂತು
"ಬಂತು, ಹೋತು, ಬಂತು, ಹಂಗೇ ಬಿಡು" ಎನ್ನುವವಳು.
ಆದರೂ ಬೂಸ್ಟರ್ ಹಾಕದಿದ್ದರೆ
ಪರದೆಯ ತುಂಬ ಜೋಳದ ಹೊಟ್ಟು ತೂರಿದಂತೆ,
ಅದರ ಹಿಂದೆಲ್ಲೋ ಒಬ್ಬಳು ಅಳುತ್ತಿರುತ್ತಾಳೆ.

ಆ ಸ್ವಿಚ್ಚು ಎಲ್ಲಿತ್ತು ಅಂದರೆ,
ಮೇಲಿನ ಹಲಗೆಯಲ್ಲಿ, ಜಾಕಿನ ಹಿಡಿಕೆ ಸರಿಸಿ,
ಗ್ರೀಸಿನ ಡಬ್ಬಿ ಸರಿಸಿ, ಅಕ್ಕಿ ಡಬ್ಬಿಯ ಬೆನ್ನಿಗೆ,
ತಗಡಿನ ಮೂಲೆಯ ಕತ್ತಲಲ್ಲಿ.
ಬೇಕಂತಲೇ ಅಲ್ಲಿ ಕೂರಿಸಿದ್ದ ಅಪ್ಪ.
"ಕೈಗೆ ಸಿಕ್ಕರ ಹಚ್ಚಿಟ್ಟು ಮರೀತಾವ ಮಕ್ಕಳು,
ಬ್ಯಾಟರಿ ಸಾಯ್ತದ."
ಮನೆಯಲ್ಲಿ ಅಷ್ಟು ಉದ್ದದ ಕೈ ಒಂದೇ.
ಭಾನುವಾರ ಸಂಜೆ ಆ ಕೈಗೆ ಕಾಯುತ್ತಿದ್ದೆವು.
ಅದು ಹೊರಗೆ ಸೀಮೆಎಣ್ಣೆ ಹಚ್ಚಿ
ಬೆರಳು ಬೆರಳಿನ ಡಾಂಬರು ತೊಳೆಯುತ್ತಿತ್ತು.

ಯುಗಾದಿ ಕಳೆದ ವಾರ, ಹ್ಯಾಂಡಲು ತಿರುಗಿಸುವಾಗ
ಎಂಜಿನ್ನು ಹಿಂದಕ್ಕೆ ಒದ್ದಿತು.
ಅಪ್ಪನ ಬಲಭುಜ ಕಳಚಿತು. ಕೂರಿಸುವವರು ಕೂರಿಸಿದರು.
ರೋಲರ್ ಹೊರಳಿಸಲು ಎಡಗೈ ಸಾಕಾಯಿತು,
ಬಲಗೈ ಮಾತ್ರ ಎದೆಯ ಮಟ್ಟ ದಾಟಿ ಏಳಲಿಲ್ಲ.

ಮೂರು ಭಾನುವಾರ ಹೊಟ್ಟು ನೋಡಿದೆವು.
ನಾಲ್ಕನೆಯದಕ್ಕೆ ಅವ್ವ ಮುರಿದ ಕೊಡೆಯ ಕೋಲು ಚಾಚಿದಳು.
ಅದು ಸ್ವಿಚ್ಚು ಬಿಟ್ಟು ಅಕ್ಕಿ ಡಬ್ಬಿಯನ್ನು ಒತ್ತಿತು.
ಅಕ್ಕಿ ಆಯುತ್ತ ಆಯುತ್ತ ಸಿನಿಮಾ ಮುಗಿಯಿತು.

ಸೋಮವಾರ ಲಾರಿ ವೈರಿಂಗಿನ ಮೈನುದ್ದೀನನನ್ನು ಕರೆದಳು.
ಅಪ್ಪನನ್ನು ಕೇಳಲಿಲ್ಲ.
ಅವನು ತಂತಿಯ ಎರಡು ತುದಿ ಹಿಡಿದು ಹೇಳಿದ:
"ಅಕ್ಕಾ, ಇದರಾಗ ಕರೆಂಟು ಮ್ಯಾಲ ಹೋಗತದ,
ಇದರಾಗೇ ಚಿತ್ರ ತಳಗ ಬರತದ.
ತುದಿ ಅದಲುಬದಲಾದರ ಎರಡೂ ಇಲ್ಲ."
"ಒಂದೇ ದಾರ್ಯಾಗ ಎದುರುಬದುರು ಬಂದರ ಹಾಯಂಗಿಲ್ಲೇನೋ?"
"ಹಾಯಂಗಿಲ್ಲ."
"ಹಂಗಾದರ ನಮ್ಮ ರೋಡಿಗಿಂತ ಚಲೋ ಐತಿ ಬಿಡು."

"ಎಷ್ಟು ಎತ್ತರಕ್ಕ ಕೂರಿಸಲಿ?"
ಅವ್ವ ಒಲೆಯ ಮುಂದೆ ಕೂತಳು, ದಿನಾ ಕೂರುವ ಹಾಗೆ,
ಮಗ್ಗುಲ ತಗಡಿಗೆ ಕೈ ಚಾಚಿದಳು.
ಹಿಟ್ಟಿನ ನಾಲ್ಕು ಬೆರಳು ಮೂಡಿದಲ್ಲೇ
ಅವನು ಸ್ಕ್ರೂ ತಿರುವಿದ.

ಸಂಜೆ ಅಪ್ಪ ನೋಡಿದ. ಏನೂ ಅನ್ನಲಿಲ್ಲ.
ಎಡಗೈಯಿಂದ ಒಮ್ಮೆ ಹಾಕಿದ, ತೆಗೆದ, ಹಾಕಿದ.
ಕಡ್ಡಿಪೆಟ್ಟಿಗೆಯ ತಲೆಯಷ್ಟು ಕೆಂಪು ದೀಪ.

ಎರಡು ದಿನ ಎಲ್ಲರೂ ನೆಟ್ಟಗಿದ್ದೆವು.
ಮೂರನೇ ರಾತ್ರಿ ನಾನು ಮಲಗಿದಲ್ಲಿಂದಲೇ ಕೈ ಚಾಚಿದೆ.
ಟಿವಿ ಅಲ್ಲ, ಆ ದೀಪ ಒಂದೇ.
ಹೊರಗೆ ಜಾಲಿ ಕಂಟಿಯಲ್ಲಿ ಏನೋ ಸರಿದಾಡುತ್ತಿತ್ತು.
ನೆತ್ತಿಯ ಮೇಲೆ ಆಂಟೆನಾ ಎಚ್ಚರವಿದೆ,
ಯಾರೂ ನೋಡದ ಚಿತ್ರ ತಂತಿಗುಂಟ ಇಳಿದು
ಇಲ್ಲಿ, ಹಿಟ್ಟಿನ ಗುರುತಿನ ಹತ್ತಿರ ಬಂದು ನಿಂತಿದೆ
ಅಂದುಕೊಂಡು ನಿದ್ದೆ ಹೋದೆ.

ಬೆಳಗ್ಗೆ ಬ್ಯಾಟರಿ ಸತ್ತಿತ್ತು.
ಅಷ್ಟು ಸಣ್ಣ ದೀಪಕ್ಕೆ ಒಂದೇ ರಾತ್ರಿಗೆ ಸಾಯಬೇಕೆಂದರೆ
ಅದು ಮೊದಲೇ ಸಾಯಲು ಕೂತಿತ್ತು; ಈಗ ಗೊತ್ತು.
"ಯಾರು?" ಅಂದ ಅಪ್ಪ.
"ನಾನ," ಅಂದಳು ಅವ್ವ, ಹಿಟ್ಟು ನಾದುತ್ತ.
ಅಪ್ಪ ನನ್ನನ್ನು ನೋಡಿದ. ದೇವಣ್ಣನಿಗೆ ಹಗ್ಗ ಕೊಟ್ಟ,
ಸೈಕಲ್ಲಿಗೆ ಬ್ಯಾಟರಿ ಕಟ್ಟು ಎಂದ.

ಸಿರವಾರಕ್ಕೆ ನಾಲ್ಕು ಕಿಲೋಮೀಟರು.
ಆಸಿಡ್ಡು ತುಳುಕದಂತೆ ಹಿಂದೆ ಹಿಡಿದು ನಡೆದೆ.
ಮರುದಿನ ಅದನ್ನು ಚಾರ್ಜು ಮಾಡಿಸಿ ತರುವ ಹೊತ್ತಿಗೆ
ಮನೆ ತಿರುವು ದಾಟಿ ಎರಡು ಬೇವಿನಮರ ಮುಂದೆ ಹೋಗಿತ್ತು,
ಆಂಟೆನಾ ಮಾನ್ವಿ ಕಡೆ ನೋಡುತ್ತಿತ್ತು.