ಬಲೆ ಹೆಣಿಗೆ, ಪಾಠ ನಾಲ್ಕು

ಸಾಬೂನು ಪೆಟ್ಟಿಗೆಯಷ್ಟೇ ಗಾತ್ರ. ತಿರುಪಿಲ್ಲ, ಚಿಲಕವಿಲ್ಲ.
ಮುಂದೊಂದು ದಿನ ಯಾರಾದರೂ ಇದನ್ನು ತೆರೆದಾರೆಂದು
ಮಾಡಿದವರು ಎಣಿಸಿರಲೇ ಇಲ್ಲ.
ಮೇಲೆ ಗ್ರಿಮ್ಸ್‌ಬಿಯ ಮೀನುಗಾರಿಕೆ ಶಾಲೆಯ ಮೊಹರು,
ಅರ್ಧ ಅಳಿಸಿದ್ದು.

ತಂದಾಕೆ ಈನಿಡ್ ಬ್ಲಾಂಚರ್ಡ್.
ಮಳೆಕೋಟು ಬಿಚ್ಚದೆ, ಕುರ್ಚಿ ಮುಟ್ಟದೆ,
"ಇದರೊಳಗೆ ನಮ್ಮಮ್ಮ ಇದ್ದಾಳೆ" ಅಂದಳು.
ಆಮೇಲೆ ತಿದ್ದಿಕೊಂಡಳು:
"ಅಮ್ಮನ ಕೈ."

ಒಳಗಿರುವುದು ಐವತ್ತಡಿ ಫಿಲ್ಮು, ಒಂದು ಉಂಗುರ.
ಸುರುಳಿಯ ಹೊಟ್ಟೆಯಿಂದ ಹೊರಟು, ದೀಪದೆದುರು ಹಾದು,
ಸುರುಳಿಯ ಬೆನ್ನಿಗೇ ಬಂದು ಸುತ್ತಿಕೊಳ್ಳುವಂಥದ್ದು.
ಹಿಂದಕ್ಕೆ ಸುತ್ತುವ ರಗಳೆಯಿಲ್ಲ. ಆಗ ಅದೇ ದೊಡ್ಡ ಹೆಗ್ಗಳಿಕೆ:
ಮೇಷ್ಟ್ರು ಗುಂಡಿ ಒತ್ತಿ ಸಿಗರೇಟಿಗೆ ಹೋದರೂ
ಗಾಣ ತಿರುಗಿದ ಹಾಗೆ ಪಾಠ ತಿರುಗುತ್ತಿತ್ತು,
ಹುಡುಗರು ಕಲಿಯುವ ತನಕ,
ಕಲಿಯದಿದ್ದರೂ.

ಈಗ ಅದನ್ನು ಓಡಿಸುವ ಯಂತ್ರ ಊರಲ್ಲೊಂದೂ ಇಲ್ಲ.

ಅಂಚಿಗೆ ಬ್ಲೇಡು ತೂರಿಸಿ ಮೂಲೆ ಮೂಲೆ ಸಡಿಲಿಸಿದೆ.
ಟಕ್ಕೆಂದಿತು ಮುಚ್ಚಳ. ಮೇಣ ಒಣಗಿ ಹಿಟ್ಟಾಗಿದೆ.
ಮೂಗಿಟ್ಟು ನೋಡಿದೆ, ಹುಳಿವಾಸನೆಯಿಲ್ಲ, ಪುಣ್ಯಕ್ಕೆ.
ಹತ್ತಿಯ ಕೈಗವಸು ತೊಟ್ಟು
ಬೆರಳಿಂದ ಬೆರಳಿಗೆ ಫಿಲ್ಮು ಜಾರಿಸುತ್ತ ಹೋದೆ.
ಎಲ್ಲೋ ಒಂದೆಡೆ ಯಾರೋ
ಕಡೆಯ ಚಿತ್ರವನ್ನು ಮೊದಲ ಚಿತ್ರಕ್ಕೆ
ಅಂಟಿಸಿರಲೇಬೇಕು.

ಸಿಕ್ಕಿತು. ಕೂದಲೆಳೆಯ ದಪ್ಪ, ಉಗುರಿಗಷ್ಟೇ ಗೊತ್ತಾಗುವಂಥದ್ದು.

"ಇಲ್ಲಿ ಕತ್ತರಿಸಬೇಕು."
"ಕತ್ತರಿಸದೆ ಆಗೋದಿಲ್ಲವೇ?"
"ರೀಲಿಗೆ ಒಂದು ತುದಿ ಬೇಕಲ್ಲ."
"ಅಲ್ಲಿ ಏನು ನಡೀತಿದೆ, ನೋಡಿ ಹೇಳಿ."

ಭೂತಗನ್ನಡಿ ಹಿಡಿದೆ.
ಎಡಗಡೆ: ಹೆಣಿಗೆಸೂಜಿ ಕಣ್ಣೊಳಗೆ ನುಸುಳಿದೆ,
ದಾರ ಬಳಸಿದೆ, ಗಂಟು ಇನ್ನೂ ಸಡಿಲ.
ಬಲಗಡೆ: ಬರಿಯ ಹಗ್ಗ, ಬರಿಯ ಗೋಡೆ. ಪಾಠ ಮತ್ತೆ ಮೊದಲಿಂದ.
ಅಂದರೆ ಇಷ್ಟು ವರ್ಷ, ನಾಲ್ಕು ನಿಮಿಷಕ್ಕೊಮ್ಮೆ,
ಆ ಕೊನೆಯ ಗಂಟು ಬಿಗಿಯಲೇ ಇಲ್ಲ.

ಈನಿಡ್ ನಕ್ಕುಬಿಟ್ಟಳು. "ಅಮ್ಮನಿಗೆ ಗೊತ್ತಾಗಿದ್ದರೆ
ನಿಮ್ಮ ಕೈಯಿಂದ ಕಿತ್ತುಕೊಂಡು ಬಿಗೀತಿದ್ದಳು."

ಹಿತ್ತಿಲ ಬಾಗಿಲಿನ ಕೊಕ್ಕೆಗೆ ಬಲೆ ತೂಗುಹಾಕಿ
ಕಣ್ಣಿನ ಲೆಕ್ಕಕ್ಕೆ ಕೂಲಿ. ಆ ಒಂದು ದಿನ ಮಾತ್ರ
ಕೈಯ ಲೆಕ್ಕಕ್ಕೆ, ಮೂವತ್ತು ಷಿಲ್ಲಿಂಗು.
ಉಜ್ಜಿ ತೊಳೆದುಕೊ ಅಂದರಂತೆ ಕ್ಯಾಮೆರಾದವರು.
ಮೂರು ಸಲ ತೊಳೆದಳಂತೆ. ಡಾಂಬರು ಬಿಡಲಿಲ್ಲ.
ಹೆಬ್ಬೆರಳ ಸಂದಿಯಲ್ಲಿ ಇಗೋ,
ಅಕ್ಕಿಕಾಳಿನಷ್ಟು ಕಪ್ಪು.

ಕತ್ತರಿಸಿದೆ.
ಸದ್ದೇನೂ ಆಗಲಿಲ್ಲ.

ಬಿಳಿ ಪಟ್ಟಿ ಅಂಟಿಸಿ, ಮೈಯ ಮಗ್ಗುಲು ನೋಡಿ,
ಮನೆಮಂದಿಯ ಸಾಮಾನ್ಯ ಎಂಟು ಮಿಲಿಮೀಟರ್ ರೀಲಿಗೆ
ನಿಧಾನ ಸುತ್ತತೊಡಗಿದೆ. ಅಷ್ಟುಕಾಲ ಮೈಮುರಿದು ಕೂತಿದ್ದ ಫಿಲ್ಮು
ಹೊಸ ದಿಕ್ಕಿಗೆ ಬಗ್ಗಲು ಮೊಂಡು ಹಿಡಿಯಿತು.
ಆಗ ಆಕೆ ಚೀಲದಿಂದ ಇನ್ನೊಂದು ರೀಲು ತೆಗೆದಳು:
ಅಪ್ಪ ಹಿಡಿದದ್ದು, ಕ್ಲೀಥೋರ್ಪ್ಸ್ ಕಡಲದಂಡೆ,
ಗಾಳಿ, ಕತ್ತೆ ಸವಾರಿ, ಬಕೆಟ್ಟು ಹಿಡಿದ ಮಗು.
"ಇದರ ಮುಂದಕ್ಕೆ ಜೋಡಿಸಲಾದೀತೇ?"

ಆದೀತು.

ದೀಪ ಆರಿಸಿದೆ. ಗೋಡೆಯ ಮೇಲೆ ಮೊದಲು ಕೈ,
ಬರಿಯ ಕೈ, ಮಣಿಕಟ್ಟಿನಾಚೆ ಯಾರೂ ಇಲ್ಲ.
ಕಣ್ಣು, ಕಣ್ಣು, ಕಣ್ಣು ಎಂದು ಬಲೆ ಇಳಿಯಿತು.
ಸಡಿಲ ಗಂಟು ಬಂತು.
ಒಂದು ಬಿಳಿ ಮಿಂಚು.
ಮರಳ ಮೇಲೆ ಹೆಂಗಸೊಬ್ಬಳು ಕೂತಿದ್ದಾಳೆ,
ಕ್ಯಾಮೆರಾ ಹತ್ತಿರ ಬಂತು,
ಬೇಡ ಬೇಡವೆಂದು ಮುಖಕ್ಕೆ
ಅಂಗೈ ಅಡ್ಡ ಹಿಡಿದಳು.

ಮುಂದಿನ ಕತ್ತೆಗಳನ್ನು ನಾವಿಬ್ಬರೂ ನೋಡಲಿಲ್ಲ.

ರೀಲು ಖಾಲಿಯಾಗಿ ತುದಿ ಪಟಪಟ ಬಡಿಯುತ್ತಿತ್ತು.
"ಇನ್ನೊಮ್ಮೆ" ಅಂದಳು.
"ಹಿಂದಕ್ಕೆ ಸುತ್ತಬೇಕು, ತಾಳಿ."

ಆಕೆ ಮಳೆಕೋಟು ಬಿಚ್ಚಿ
ಕುರ್ಚಿಯ ಬೆನ್ನಿಗೆ ಹಾಕಿದಳು.