ಬುಡಮೇಲು

ಶಿಬಿರದ ಫಾರಂನಲ್ಲಿ ಕೇಳಿದ್ದರು: ಹೆಸರು, ವಯಸ್ಸು, ರಕ್ತದ ಗುಂಪು,
ಗುದ್ದಲಿ ಹಿಡಿದ ಅನುಭವ ಇದೆಯೋ ಇಲ್ಲವೋ.
ಇಲ್ಲ ಎಂದು ಬರೆದೆ.
ಹಿಂದೆ ಮಾಡಿದ ಕೆಲಸ ಎಂಬಲ್ಲಿ
'ಲೆಕ್ಕ' ಎಂದಷ್ಟೇ ಬರೆದು ಮಡಿಚಿದೆ.

ಕೌಲ್ ಬಜಾರಿನ ಜೀನ್ಸ್ ಕಾರ್ಖಾನೆಗೆ ದಸರೆಗೆಂದು ಐದು ದಿನ ರಜೆ.
ಗುಂಡಿ, ಜಿಪ್ಪು, ಡಜನ್ನುಗಳ ಪುಸ್ತಕ ಮುಚ್ಚಿ
ಸಂಡೂರಿನ ಬಸ್ಸು ಹತ್ತಿದೆ.
'ರಜೆಯಾಗ ಮಂದಿ ಗೋವಾಕ್ಕ ಹೋಗ್ತಾರ,
ನೀವು ಮುಳ್ಳು ಕೀಳಾಕ ಹೊಂಟೀರಿ' ಎಂದಿದ್ದಳು ಹೆಂಡತಿ,
ಎಂದವಳೇ ಗುರೆಳ್ಳು ಹಿಂಡಿಗೆ
ಒಂದು ಹಿಡಿ ಬೆಳ್ಳುಳ್ಳಿ ಹೆಚ್ಚಿಗೆ ಹಾಕಿದ್ದಳು.

ಕಾವಲುಗಾರ ಗಾದಿಲಿಂಗ ಮೊದಲ ದಿನವೇ ಹೇಳಿಕೊಟ್ಟ:
ಲಂಟಾನ ಕಡಿಯಬಾರದು, ಕಡಿದರೆ ಒಂದಕ್ಕೆ ಹತ್ತು.
ಅಗೆಯಲೂ ಬಾರದು, ಅಗೆದರೆ
ಅದರ ಬೀಜಕ್ಕೇ ಹಾಸಿಗೆ ಹಾಸಿಕೊಟ್ಟಂತೆ.
ಗಿಡದ ಕೊರಳು ಮಣ್ಣಿಗಿಳಿಯುವ ಜಾಗ ಹುಡುಕು,
ಅಲ್ಲಿಂದ ಮೂರು ಬೆರಳು ಕೆಳಗೆ, ಒಂದೇ ಏಟು.
ಆಮೇಲೆ ಎತ್ತಿ, ಬುಡ ಮೇಲೆ ತಲೆ ಕೆಳಗೆ ಮಾಡಿ
ಪಕ್ಕದ ಪೊದೆಯ ನೆತ್ತಿಗೆ ಸಿಕ್ಕಿಸು.
ಬೇರು ಆಕಾಶ ನೋಡಲಿ.
ನೆಲ ಮುಟ್ಟಿತೋ, ಮತ್ತೆ ಚಿಗುರುತ್ತದೆ
ನಾಚಿಕೆಗೆಟ್ಟದ್ದು.

ಸಿರುಗುಪ್ಪದ ನರ್ಸ್ ತಸ್ಲೀಮಾ,
ಮಾನ್ವಿಯ ಡ್ರಾಯಿಂಗ್ ಮಾಸ್ತರ್ ಅಮರಗುಂಡಪ್ಪ,
ಸೆಲ್ಫಿಗೆಂದು ಬಂದು ಕೆಲಸಕ್ಕೆ ಬಿದ್ದ ಇಬ್ಬರು ಕಾಲೇಜು ಹುಡುಗರು, ನಾನು.
ಸಂಜೆ ಎಲ್ಲರ ಅಂಗೈ ತೋರಿಸಿಕೊಂಡು
ತಸ್ಲೀಮಾ ಗುಳ್ಳೆಗಳಿಗೆ ಪಟ್ಟಿ ಹಚ್ಚುತ್ತಿದ್ದಳು.
ಕೈ ತೊಳೆದ ಬಕೀಟು ಕೆಂಪಾಗುತ್ತಿತ್ತು.

ಈ ಕೆಂಪು ನನಗೆ ಹೊಸದಲ್ಲ.
ಮೂರು ವರ್ಷ ರಾತ್ರಿ ಪಾಳಿ, ತೂಕದ ಕಾಟದ ತಗಡಿನ ಗೂಡಿನಲ್ಲಿ
ಇಂಥದೇ ಗುಡ್ಡ ಲಾರಿ ಲಾರಿಯಾಗಿ ನನ್ನ ಕಿಟಕಿ ದಾಟಿತು.
ಒಮ್ಮೊಮ್ಮೆ ಅದಿರಿನ ರಾಶಿಯಿಂದ
ದಿಂಡಿಗದ ಬೇರೊಂದು ಹೊರಗೆ ಚಾಚಿರುತ್ತಿತ್ತು.
ಕಾಟದ ಮುಳ್ಳು ಇಪ್ಪತ್ತೈದು ತೋರಿಸಿದಾಗ
ಹದಿನಾರು ಬರೆದವನು ನಾನು.
ಲಾರಿಗೆ ಐವತ್ತು ರೂಪಾಯಿ, ಚೀಟಿಯ ಮಡಿಕೆಯಲ್ಲಿ.
ಆ ದುಡ್ಡಿನ ಫ್ರಿಜ್ಜು ಇನ್ನೂ ಓಡುತ್ತಿದೆ.
ಇದನ್ನು ಪಟ್ಟಿ ಹಚ್ಚುವವಳಿಗೆ ಹೇಳಲಿಲ್ಲ.

ಮೂರನೇ ದಿನ ದಾರಿಯಲ್ಲಿ ಕರಡಿಯ ಲದ್ದಿ.
ಗಾದಿಲಿಂಗ ಕಡ್ಡಿಯಿಂದ ಬಿಡಿಸಿ ತೋರಿಸಿದ:
ಗೆದ್ದಲ ರೆಕ್ಕೆ, ಕವಳಿ ಬೀಜ, ಬಾರೆ ಬೀಜ,
ನಡುನಡುವೆ ಲಂಟಾನದ್ದೂ.
'ತಿಂದು ಬಿತ್ತೋದು ಅದೂ ಮಾಡತೈತಿ.
ಯಾರನ್ನ ಬೈಯೋಣ?'
ಹುಡುಗರು ನಕ್ಕರು. ನಾನು ಗುದ್ದಲಿಯ ಕಾವು ಬಿಗಿಮಾಡಿಕೊಂಡೆ.

ನಾಲ್ಕನೇ ದಿನ, ಹಳ್ಳದ ಕಡೆಯ ಇಳಿಜಾರು.
ಏಟು ಟಣ್ಣೆಂದಿತು.
ಪೊದೆ ಎತ್ತಿದರೆ ಗಡಿಕಲ್ಲು, ಮೊಣಕಾಲೆತ್ತರ,
ಸುಣ್ಣ ಹೋಗಿ ಅಂಕಿ ಮಾತ್ರ ಉಳಿದದ್ದು: ನಲವತ್ತೇಳು.
ಗಾದಿಲಿಂಗ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತುಬಿಟ್ಟ.
'ಇದನ್ನೂ ಕಿತ್ತು ಒಯ್ದಾರ ಅಂದಿದ್ರು.
ಸರ್ವೆದವ್ರು ಹುಡುಕಿ ಹುಡುಕಿ ಕೈ ಬಿಟ್ಟಿದ್ರು.
ಇಲ್ಲೇ ಐತಿ ನೋಡ್ರಿ.'
ನಾಲ್ಕು ದಿನದಿಂದ ಬೈದುಕೊಂಡೇ ಕಿತ್ತ ಗಿಡ
ಇಷ್ಟು ವರ್ಷ ಇದನ್ನು ಸೆರಗಿನಲ್ಲಿ ಬಚ್ಚಿಟ್ಟಿತ್ತು.
ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

'ಬರ್ಕೊಳ್ರಿ ಸಾರ್, ನಿಮ್ಮ ಅಕ್ಷರ ಚೆಂದ ಐತಿ.'
ಗುಳ್ಳೆ ಒಡೆದು ಬೆರಳು ಮಡಿಚಲೊಲ್ಲವು.
ಅಂಕಿ ಸೊಟ್ಟಗೆ ಬಂತು.
ಆದರೆ ನಲವತ್ತೇಳನ್ನು
ನಲವತ್ತೇಳು ಎಂದೇ ಬರೆದೆ.

ವಾಪಸು ಬರುವಾಗ ಬಸ್ಸಿನ ಮುಂದೆ ತಾಡಪಾಲು ಹೊದ್ದ ಲಾರಿ.
ಹಿಂದಿನ ಟೈರು ನೋಡಿ, ಬಾಯಿ ತಾನೇ ಅಂದಿತು: ಇಪ್ಪತ್ತೆರಡು.
ಪಕ್ಕದವನು ಎಷ್ಟಕ್ಕೆ ಎಂದು ಕೇಳಿದ.

ಮನೆಯಲ್ಲಿ ಪ್ಯಾಂಟಿನ ಮಡಿಕೆ ಬಿಚ್ಚಿದರೆ
ಕೆಂಪು ಧೂಳು, ಎರಡು ಕರಿ ಬೀಜ.
ತುಳಸಿ ಕುಂಡದ ಕಡೆ ಕೊಡವಲು ಹೋದಳು ಅವಳು.
ಅಲ್ಲಿ ಬೇಡ ಎಂದೆ, ದನಿ ಸ್ವಲ್ಪ ಏರಿತು.
ಬೀಜ ಅಂಗೈಗೆ ಇಸಿದುಕೊಂಡು
ಬಲ್ಬಿನ ಕೆಳಗೆ ನಿಂತೆ.
ತೂಕವೇ ಇಲ್ಲ.