ಸ್ಟೇಜ್ ಪಟ್ಟಿಯಲ್ಲಿ ಇಲ್ಲದ್ದು

ಮೊದಲಿಗೆ ಅದೊಂದು ಕೆಂಪು ಚೀಲ.
ಹಾಸನದ ಸ್ಟ್ಯಾಂಡಿನಲ್ಲಿ ಬಸ್ಸು ಖಾಲಿಯಾದ ಮೇಲೆ
ಹಿಂದಿನ ಸೀಟಿನಡಿ ಸಿಕ್ಕಿತು:
ಒದ್ದೆ ಟವೆಲ್ಲು, ರಬ್ಬರ್ ಟೋಪಿ,
ಕಪ್ಪೆಗಣ್ಣಿನಂಥ ಕನ್ನಡಕ.
ಡಿಪೋ ರಿಜಿಸ್ಟರಿನಲ್ಲಿ ಬರೆದೆ: ವಾರಸುದಾರರಿಲ್ಲ.
ಒಂಬತ್ತನೇ ದಿನ ವಾರಸುದಾರಳು ಬಂದಳು,
ಸಕಲೇಶಪುರದ ಪಿ.ಟಿ. ಟೀಚರ್ ಜೋಯ್ಸಿ ಮಥಾಯಸ್,
ಬಿಸಿಲಿಗೆ ಸುಟ್ಟ ಹೆಗಲು, ಆತುರದ ನಗು.
ಏನಕ್ಕೆ ಇದೆಲ್ಲ ಅಂದೆ.
ಈಜಬೇಕು, ಅದು ಮುಗಿಸಿ ಸೈಕಲ್ಲು, ಅದು ಮುಗಿಸಿ ಓಟ,
ಎಲ್ಲ ಒಂದೇ ದಿನ,
ನಡುವೆ ಕೂರುವ ಹಾಗಿಲ್ಲ ಅಂದಳು.

ನಡುವೆ ಕೂರುವ ಹಾಗಿಲ್ಲ!
ಹದಿನಾಲ್ಕು ವರ್ಷದಿಂದ ನಾನು ಮಾಡುತ್ತಿರುವುದು
ಇನ್ನೇನು ಮತ್ತೆ.

ಹಾಗೆ ಶುರುವಾಯಿತು. ನಲವತ್ತೊಂದಕ್ಕೆ
ಕ್ರೀಡಾಂಗಣದ ಈಜುಕೊಳದಲ್ಲಿ
ಎರಡನೇ ಕ್ಲಾಸಿನ ಮಕ್ಕಳ ಪಕ್ಕ
ಕಂಬಿ ಹಿಡಿದು ಕಾಲು ಬಡಿದೆ.
ಓಡುವ ಬಸ್ಸಿನಲ್ಲಿ ಕಂಬಿ ಹಿಡಿಯದೆ ಚಿಲ್ಲರೆ ಎಣಿಸುವವಳು
ನಿಂತ ನೀರಿನಲ್ಲಿ ಕಂಬಿ ಬಿಡಲು
ಹನ್ನೊಂದು ದಿನ ತೆಗೆದುಕೊಂಡೆ.

ವರ್ಕ್‌ಶಾಪಿನ ಇಮ್ತಿಯಾಜ್
ಗುಜರಿಯಿಂದ ಒಂದು ಫ್ರೇಮು, ಮತ್ತೆಲ್ಲಿಂದಲೋ ಎರಡು ಗಾಲಿ
ಕೂಡಿಸಿ ನಿಲ್ಲಿಸಿದ.
'ಬ್ರೇಕು ನನ್ನ ಗ್ಯಾರಂಟಿ. ಮಿಕ್ಕಿದ್ದು ನಿಮ್ಮ ಮಂಡಿ.'
ರಜದ ದಿನ ನಸುಕಿಗೆ ನನ್ನದೇ ರೂಟಿನಲ್ಲಿ ಹೊರಟೆ.
ಕೊರವಂಗಲ ಗೇಟು, ದುದ್ದ, ಹಾರನಹಳ್ಳಿ, ಅರಸೀಕೆರೆ.
ಟಿಕೆಟ್ ಮಷಿನ್ನಿನಲ್ಲಿ ಬೆರಳು ಒತ್ತಿದಷ್ಟೇ ದೂರದ ಊರುಗಳು
ಈಗ ಒಂದೊಂದೂ ಏರು, ನಾಯಿ, ಎದುರುಗಾಳಿ.
ದುದ್ದಕ್ಕೆ ಮುಂಚೆ ಇಷ್ಟುದ್ದದ ಏರಿದೆಯೆಂದು
ಇಂಜಿನ್ನಿಗೆ ಗೊತ್ತಿತ್ತು,
ಇಷ್ಟು ವರ್ಷ ನನಗೆ ಹೇಳಿರಲಿಲ್ಲ.
ಹಿಂದಿನಿಂದ ಹಾರನ್ನು. ಡ್ರೈವರ್ ಕೆಂಚಪ್ಪಣ್ಣ ತಲೆ ಹೊರಹಾಕಿ
'ಹೆಂಗಸ್ರಿಗೆ ಫ್ರೀ ಕಣಮ್ಮೋ, ಹತ್ಕೋ!'
ಬಸ್ಸಿಗೆ ಬಸ್ಸೇ ನಕ್ಕಿತು.
ನಾನೂ ನಕ್ಕೆ, ಉಸಿರಿಲ್ಲದೆ.
ಹತ್ತಲಿಲ್ಲ.

ಚಟ ಅನ್ನುವುದು ಹೀಗೇ ಏನೋ.
ಸಾರಿಗೆ ಒಗ್ಗರಣೆ ಹಾಕುತ್ತ ನಾಡಿ ಎಣಿಸುವುದು.
ಹಬ್ಬದ ಸೀರೆಯ ದುಡ್ಡು ಟಯರಿಗೆ ಹೋಗುವುದು.
ಮಗಳು ಮೇದಿನಿ ಕೇಳುತ್ತಾಳೆ, ಗೆದ್ದರೆ ಏನು ಕೊಡ್ತಾರಮ್ಮ?
ಗೆಲ್ಲುವ ಮಾತೇ ಇಲ್ಲ ಪುಟ್ಟಿ,
ಫೀಸೂ ನಾವೇ ಕಟ್ಟಬೇಕು.
ಪೇಪರಿನ ಹಿಂದಿನಿಂದ ಅವಳಪ್ಪ:
'ದುಡ್ಡು ಕೊಟ್ಟು ದೆವ್ವ ಹಿಡಿಸ್ಕೊಂಡಳು ನಿಮ್ಮಮ್ಮ.'
ರಾತ್ರಿ ಮೀನಖಂಡಕ್ಕೆ ಎಣ್ಣೆ ತಿಕ್ಕುವವನೂ ಅವನೇ,
ದೆವ್ವ ಬಿಡಿಸುವಷ್ಟು ಜೋರಾಗಿ.

ಒಂದು ಸಂಜೆ ಜೋಯ್ಸಿ ಪೂರ್ತಿ ಉದ್ದದ್ದರ ಲೆಕ್ಕ ಹೇಳಿದಳು.
ಸೈಕಲ್ಲೇ ನೂರೆಂಬತ್ತು ಕಿಲೋಮೀಟರ್.
ಅಂದರೆ ಹೆಚ್ಚುಕಡಿಮೆ ಹಾಸನದಿಂದ ಬೆಂಗಳೂರು;
ಮೆಜೆಸ್ಟಿಕ್ಕಿನಲ್ಲಿ ಇಳಿದು, ಕಾಫಿಯನ್ನೂ ಕುಡಿಯದೆ,
ಓಡಲು ಶುರು.
ಆ ರೂಟಿನ ಪ್ಯಾಸೆಂಜರುಗಳು ಕೂತೇ ಸುಸ್ತಾಗಿ ಬೈಯುವುದು
ನೆನಪಾಯಿತು.
ಆದರೂ ಬೇಡ ಅನ್ನಿಸಲಿಲ್ಲ.
ಅಲ್ಲೇ ಗೊತ್ತಾಯಿತು, ಹಿಡಿದಿದೆ ಅಂತ.

ಈ ಭಾನುವಾರ ಗೊರೂರಿನ ಹಿನ್ನೀರು.
ಪಕ್ಕದಲ್ಲಿ ಜೋಯ್ಸಿ,
ಹಿಂದೆ ಮೀನಿನ ತೆಪ್ಪದಲ್ಲಿ ಬೀಡಿ ಕಚ್ಚಿಕೊಂಡು
ಹುಚ್ಚಯ್ಯನ ಕಾವಲು.
ಮುಟ್ಟಿ ತಿರುಗಲು ಗೋಡೆಯಿಲ್ಲ. ತಳ ಕಾಣದು.
ನನ್ನ ಕೈಯೇ ಮೊಣಕೈವರೆಗೆ ಕಂಡು ಮಾಯ.
ನಡುನೀರಿನಲ್ಲಿ ಹುಚ್ಚಯ್ಯ ಕೂಗಿದ:
'ನಿಮ್ಮ ಹೊಟ್ಟೆ ಕೆಳಗೇ ಕಣವ್ವ ಹಳೇ ರೋಡು.
ಬಸ್ಸು ನಿಲ್ತಿತ್ತು, ಅರಳಿಕಟ್ಟೆ ತಾವ.'

ಅಂಗಾತ ತಿರುಗಿದೆ.
ಮೇಲೆ ಒಂದು ಕೊಕ್ಕರೆ, ಅವಸರವಿಲ್ಲದೆ.
ಕೆಳಗೆ ಯಾವ ಪಟ್ಟಿಯಲ್ಲೂ ಇಲ್ಲದ ಸ್ಟೇಜು,
ಹತ್ತುವವರಿಲ್ಲ, ಇಳಿಯುವವರಿಲ್ಲ,
ಚಿಲ್ಲರೆ ಬಾಕಿ ಕೇಳುವವರಿಲ್ಲ.
ಎಷ್ಟು ಹೊತ್ತು ತೇಲಿದೆನೋ.
ಹೆದರಿಕೆ ಬಂತು, ಬಂದು ಪಕ್ಕದಲ್ಲೇ ನಿಂತಿತು,
ಪಾಸು ತೋರಿಸಿದ ಪ್ಯಾಸೆಂಜರಿನ ಹಾಗೆ.
ಇರಲಿ, ಜಾಗ ಇದೆ.

ಬಾಯಲ್ಲಿ ನೀರು, ವಿಸಿಲ್ ಊದಲಾರೆ.
'ರೈಟ್' ಅಂದೆ,
ನನಗೆ ಕೇಳುವಷ್ಟು,
ಮತ್ತೆ ಕೈ ಚಾಚಿದೆ.